ಒಂದು ಖಡ್ಗ, ಎರಡು ಅಳತೆ

ಪುಣೆಯ ಆಗ್ನೇಯಕ್ಕೆ ಐವತ್ತು ಕಿಲೋಮೀಟರಿನಷ್ಟು ದೂರದ ಜೇಜುರಿಯಲ್ಲಿ ದಸರೆಯ ಹೊತ್ತಿಗೆ ಒಂದು ಸ್ಪರ್ಧೆ ನಡೆಯುತ್ತದೆ. ಖಂಡೋಬನ ಗುಡಿಯಲ್ಲಿ ಸುಮಾರು 42 ಕಿಲೋ ತೂಗುವ ಹಳೆಯ ಖಡ್ಗವೊಂದಿದೆ. ಪಾನ್ಸೆ ಮನೆತನದ ಸರದಾರರು ಅರ್ಪಿಸಿದ್ದೆಂದು ಅದನ್ನು ತೋರಿಸುತ್ತಾರೆ. ಸ್ಪರ್ಧೆಗೆ ಇಳಿದವರಲ್ಲಿ ಕೆಲವರು ಅದನ್ನು ಒಂದೇ ಕೈಯಲ್ಲಿ ಎತ್ತಿ, ತೋಳು ಬಗ್ಗಿಸದೆ ಎಷ್ಟು ಹೊತ್ತು ನಿಲ್ಲಬಲ್ಲೆವು ಎಂದು ಪಣ ತೊಡುತ್ತಾರೆ. ಇನ್ನು ಕೆಲವರು ಅದೇ ಖಡ್ಗವನ್ನು ಹಲ್ಲಿನಲ್ಲಿ ಕಚ್ಚಿ ಎತ್ತುತ್ತಾರೆ, ತಿರುಗಿಸಿ ಕಸರತ್ತು ಮಾಡುತ್ತಾರೆ. ಮೊದಲನೆಯದಕ್ಕೆ ಗಡಿಯಾರ ಸಾಕು. ಎರಡನೆಯದನ್ನು ಅಳೆಯಲು ನೋಡುವ ಕಣ್ಣು ಬೇಕು. ಖಡ್ಗ ಒಂದೇ, ಭಾರವೂ ಒಂದೇ, ಆದರೆ ಇಬ್ಬರನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆಯಲು ಬರುವುದಿಲ್ಲ.

ಆಟದ ಚರ್ಚೆಗಳಲ್ಲಿ ನಾವು ಮಾಡಲು ಹೊರಡುವುದು ಮಾತ್ರ ಅದನ್ನೇ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಎದುರಾಳಿ ತಂಡಗಳಲ್ಲಿ ಮೊದಲ ಬೇಸ್ ಕಾಯುವವರನ್ನು ಅಕ್ಕಪಕ್ಕ ಇಟ್ಟು ತೂಗುತ್ತಾರೆ. ನಮ್ಮಲ್ಲಿ ಆ ಜಾಗದಲ್ಲಿ ಇನಿಂಗ್ಸ್ ಆರಂಭಿಸುವ ಬ್ಯಾಟರುಗಳಿದ್ದಾರೆ. ಭಾರತೀಯ ಕ್ರಿಕೆಟ್ಟಿನಲ್ಲಿ ಇಂಥ ಹೋಲಿಕೆಯ ಮೊದಲ ದೊಡ್ಡ ಜೋಡಿ ಬಾಂಬೆಯ ವಿಜಯ್ ಮರ್ಚೆಂಟ್ ಮತ್ತು ಹೋಳ್ಕರ್ ತಂಡದ ಮುಷ್ತಾಕ್ ಅಲಿ. ಈ ಎರಡನೆಯ ತಂಡದ ಹೆಸರಿನ ಬೇರು ಇರುವುದು ಜೇಜುರಿಯ ಸೀಮೆಯಲ್ಲಿ.

ಜೇಜುರಿಯ ದೇವರಿಗೆ ಖಂಡೋಬ, ಮಾರ್ತಂಡ ಭೈರವ, ಮಲ್ಹಾರಿ ಎಂದೆಲ್ಲ ಹೆಸರು. ಕನ್ನಡಿಗರಿಗೆ ಆತ ಮೈಲಾರಲಿಂಗ. ಭಂಡಾರ ಎರಚುತ್ತ ಮರಾಠಿ ಭಕ್ತರು ಕೂಗುವ ‘ಯೇಳಕೋಟ’ ಎಂಬುದು ಮೈಲಾರದ ಜಾತ್ರೆಯಲ್ಲಿ ಕೇಳುವ ‘ಏಳುಕೋಟಿ’ಯೇ. ಈ ದೇವರ ಹೆಸರನ್ನು ಹೊತ್ತ ಮಲ್ಹಾರರಾವ್ (1693–1766), ಹೋಳ್ ಎಂಬ ಊರಿನ ಕುರುಬ ಮನೆತನದವನು. ಊರಿನಿಂದಲೇ ಹೋಳ್ಕರ್ ಎಂಬ ಅಡ್ಡಹೆಸರು. ಪೇಶ್ವೆಯರ ಸೇನಾನಿಯಾಗಿ ಮಾಳವಕ್ಕೆ ಹೋಗಿ ಒಂದು ರಾಜ್ಯವನ್ನೇ ಕಟ್ಟಿದ. ಜೇಜುರಿಯ ಬೆಟ್ಟದ ಮೇಲೆ ಇಂದು ಕಾಣುವ ಕಟ್ಟಡಗಳಲ್ಲಿ ಬಹಳಷ್ಟು ಹೋಳ್ಕರರ ಕಾಣಿಕೆ. ಅವರ ರಾಜಧಾನಿ ಇಂದೋರಿನಲ್ಲಿ ನೆಲೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಆ ಅರಮನೆಗೆ ಕ್ರಿಕೆಟ್ಟಿನ ಹುಚ್ಚು ಹಿಡಿಯಿತು.

1923ರಲ್ಲಿ ಸಿ.ಕೆ. ನಾಯುಡು ಅವರನ್ನು ಇಂದೋರಿಗೆ ಕರೆಸಿ ಸೇನೆಯಲ್ಲಿ ಹುದ್ದೆ ಕೊಟ್ಟದ್ದು ತುಕೋಜಿರಾವ್ ಹೋಳ್ಕರ್. ಇಂದೋರಿನಲ್ಲೇ 1914ರಲ್ಲಿ ಹುಟ್ಟಿದ್ದ ಮುಷ್ತಾಕ್ ಅಲಿ, ನಾಯುಡು ಅವರ ಕಣ್ಣಿಗೆ ಬಿದ್ದದ್ದು ಹುಡುಗನಾಗಿದ್ದಾಗ. ಮೊದಲಿಗೆ ಆತ ಎಡಗೈ ಸ್ಪಿನ್ನರ್. ಬ್ಯಾಟಿಂಗಿನಲ್ಲಿ ಮೇಲಕ್ಕೇರಿದ್ದು ಆಮೇಲೆ. ಮರ್ಚೆಂಟ್ ಹುಟ್ಟಿದ್ದು 1911ರಲ್ಲಿ, ಬಾಂಬೆಯ ಗಿರಣಿ ಮಾಲೀಕರ ಮನೆಯಲ್ಲಿ. ಒಬ್ಬರ ಹಿಂದೆ ಅರಮನೆ, ಇನ್ನೊಬ್ಬರ ಹಿಂದೆ ಬಟ್ಟೆ ಗಿರಣಿ. ಮರ್ಚೆಂಟರಿಗೆ ಹೊಟ್ಟೆಪಾಡಿಗಾಗಿ ಆಡಬೇಕಾದ ಅಗತ್ಯವೇ ಇರಲಿಲ್ಲ. ಇಂದೋರಿನಲ್ಲಿ ಆಟಗಾರನ ಬದುಕು ದೊರೆಯ ಒಲವಿಗೆ ಕಟ್ಟಿಕೊಂಡಿತ್ತು.

ಮೊದಲು ಅಂಕಿಗಳನ್ನು ನೋಡೋಣ. ಟೆಸ್ಟಿನಲ್ಲಿ ಮರ್ಚೆಂಟ್ 10 ಪಂದ್ಯ ಆಡಿ 47.72 ಸರಾಸರಿಯಲ್ಲಿ 859 ರನ್ ಮಾಡಿದರು. ಮುಷ್ತಾಕ್ 11 ಪಂದ್ಯಗಳಲ್ಲಿ 32.21ರಂತೆ 612. ಪ್ರಥಮ ದರ್ಜೆಯಲ್ಲಿ ಮರ್ಚೆಂಟರ ಸರಾಸರಿ 71.64. ದೀರ್ಘಕಾಲ ಆಡಿದವರಲ್ಲಿ ಅದಕ್ಕಿಂತ ಮೇಲಿದ್ದವರು ಬ್ರಾಡ್ಮನ್ ಒಬ್ಬರೇ. ರಣಜಿ ಟ್ರೋಫಿಯಲ್ಲಿ ಅದು 98.75. ಮುಷ್ತಾಕ್ ಪ್ರಥಮ ದರ್ಜೆಯಲ್ಲಿ 13,000ಕ್ಕೂ ಹೆಚ್ಚು ರನ್ ಗಳಿಸಿದರೂ ಸರಾಸರಿ 36ರ ಆಸುಪಾಸಿನಲ್ಲಿ ನಿಂತಿತು. ಗಡಿಯಾರ ಹಿಡಿದು ನಿಂತವನಿಗೆ ಇಲ್ಲಿಗೇ ಸ್ಪರ್ಧೆ ಮುಗಿಯಿತು.

ಆದರೆ ಆ ಕಾಲದ ಜನ ಹಾಗೆ ತೀರ್ಮಾನಿಸಲಿಲ್ಲ. 1945ರ ಕೊನೆಯಲ್ಲಿ ಆಸ್ಟ್ರೇಲಿಯಾದ ಸೇನಾ ತಂಡದ ವಿರುದ್ಧ ಕಲ್ಕತ್ತದ ಪಂದ್ಯಕ್ಕೆ ಮುಷ್ತಾಕ್ ಹೆಸರು ಕೈಬಿಟ್ಟಾಗ, ಮುಷ್ತಾಕ್ ಇಲ್ಲದಿದ್ದರೆ ಪಂದ್ಯವೂ ಬೇಡ ಎಂದು ಜನ ಘೋಷಣೆ ಕೂಗಿದರು. ಆಯ್ಕೆಗಾರರು ಅವರನ್ನು ಸೇರಿಸಿಕೊಳ್ಳಬೇಕಾಯಿತು. ಆ ಪ್ರವಾಸಿ ತಂಡದಲ್ಲಿದ್ದ ಕೀತ್ ಮಿಲ್ಲರ್, ಹಾಲಿವುಡ್ಡಿನ ಸಾಹಸ ನಟ ಎರಾಲ್ ಫ್ಲಿನ್‌ಗೆ ಮುಷ್ತಾಕರನ್ನು ಹೋಲಿಸಿದರು. ವೇಗದ ಬೌಲರಿಗೂ ಕ್ರೀಸ್ ಬಿಟ್ಟು ಮುಂದೆ ನಡೆದು ಹೊಡೆಯುವ ಆಟ ಅವರದು. ಮರ್ಚೆಂಟ್ ಚೆಂಡನ್ನು ಕೊನೆಯ ಗಳಿಗೆಯವರೆಗೂ ಕಾದು, ಮಣಿಕಟ್ಟು ತಿರುಗಿಸಿ ಲೇಟ್ ಕಟ್ ಮಾಡುವವರು.

ಈ ಇಬ್ಬರೂ ಒಂದೇ ಕಡೆ ನಿಂತ ದಿನ ಏನಾಯಿತು ಎಂಬುದನ್ನು ಹೋಲಿಕೆ ಮಾಡುವವರು ಮರೆಯುತ್ತಾರೆ. 1936ರ ಜುಲೈ, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್. ಭಾರತದ ಮೊದಲ ಇನಿಂಗ್ಸ್ 203ಕ್ಕೆ ಮುಗಿದಿತ್ತು. ಇಂಗ್ಲೆಂಡ್ 8 ವಿಕೆಟಿಗೆ 571 ಮಾಡಿ ಡಿಕ್ಲೇರ್ ಮಾಡಿಕೊಂಡಿತ್ತು. 368 ರನ್ ಹಿಂದಿದ್ದಾಗ ಇಬ್ಬರೂ ಬ್ಯಾಟ್ ಹಿಡಿದು ಬಂದರು. ದಿನದಾಟ ಮುಗಿದಾಗ ವಿಕೆಟ್ ಬೀಳದೆ 190. ಮುಷ್ತಾಕ್ ಅದೇ ಸಂಜೆ ನೂರು ದಾಟಿದರು. ವಿದೇಶದಲ್ಲಿ ಭಾರತೀಯನೊಬ್ಬನ ಮೊದಲ ಟೆಸ್ಟ್ ಶತಕ ಅದು. ಮರ್ಚೆಂಟ್ ಮರುದಿನ ತಮ್ಮ ಶತಕ ಮುಟ್ಟಿದರು. ಜೊತೆಯಾಟ 203, ಒಬ್ಬರದು 112, ಇನ್ನೊಬ್ಬರದು 114. ಪಂದ್ಯ ಉಳಿಯಿತು. ಆ ಸಂಜೆ ಒಬ್ಬರ ವೇಗ ಇನ್ನೊಬ್ಬರ ತಾಳ್ಮೆಗೆ ಸಮಯ ದೊರಕಿಸಿತು, ಒಬ್ಬರ ತಾಳ್ಮೆ ಇನ್ನೊಬ್ಬರ ವೇಗಕ್ಕೆ ಧೈರ್ಯ ಕೊಟ್ಟಿತು.

ದೇಶದೊಳಗೆ ಮಾತ್ರ ಅವರು ಎರಡೆರಡು ಬಾರಿ ಎದುರಾಳಿಗಳು. ರಣಜಿಯಲ್ಲಿ ಬಾಂಬೆ ಮತ್ತು ಹೋಳ್ಕರ್. ಮತಧರ್ಮದ ಮೇಲೆ ತಂಡ ಕಟ್ಟುತ್ತಿದ್ದ ಬಾಂಬೆಯ ಪೆಂಟ್ಯಾಂಗ್ಯುಲರ್ ಪಂದ್ಯಾವಳಿಯಲ್ಲಿ ಹಿಂದೂಗಳು ಮತ್ತು ಮುಸ್ಲಿಮರು. ಯಾರು ಹೆಚ್ಚು ಎಂಬ ವಾದಕ್ಕೆ ಊರಿನ ಅಭಿಮಾನ ಸಾಲದೆಂಬಂತೆ ಮತದ ಅಭಿಮಾನವೂ ಸೇರುವ ಏರ್ಪಾಡು ಅದು. 1946ರ ನಂತರ ಆ ಪಂದ್ಯಾವಳಿ ನಿಂತಿತು. ದೇಶ ಒಡೆದ ಮೇಲೂ ಮುಷ್ತಾಕ್ ಇಂದೋರಿನಲ್ಲೇ ಉಳಿದರು.

ಇಬ್ಬರನ್ನೂ ಒಂದೇ ಮೈದಾನದಲ್ಲಿ, ಒಂದೇ ಪಂದ್ಯದಲ್ಲಿ ಹೋಲಿಸಬೇಕೆಂದರೆ 1944–45ರ ರಣಜಿ ಫೈನಲ್ ನೋಡಬೇಕು. ಬಾಂಬೆ 462 ಮತ್ತು 764. ಹೋಳ್ಕರ್ 360 ಮತ್ತು 492. ಒಟ್ಟು 2078 ರನ್. ಮರ್ಚೆಂಟ್ ಎರಡನೆಯ ಇನಿಂಗ್ಸಿನಲ್ಲಿ 278 ಮಾಡಿದರು. ಮುಷ್ತಾಕ್ ಎರಡೂ ಇನಿಂಗ್ಸಿನಲ್ಲಿ ನೂರು ದಾಟಿ 109 ಮತ್ತು 139 ಹೊಡೆದರು. ಯುದ್ಧಕಾಲದ ಸೇವೆಗೆಂದು ಭಾರತಕ್ಕೆ ಬಂದಿದ್ದ ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್ ಹೋಳ್ಕರ್ ಪರ ಔಟಾಗದೆ 249. ಆದರೂ ಬಾಂಬೆ 374 ರನ್ನುಗಳಿಂದ ಗೆದ್ದಿತು.

ಇಲ್ಲಿ ಕೂಡಿಸಿ ನೋಡಿದರೆ ಮರ್ಚೆಂಟರ ಒಂದು ಇನಿಂಗ್ಸಿಗೂ ಮುಷ್ತಾಕರ ಎರಡಕ್ಕೂ ಇರುವ ಅಂತರ ಕೇವಲ 30 ರನ್. ಆದರೆ ಕೆಲಸ ಬೇರೆ ಬೇರೆ. ಇಷ್ಟು ರನ್ ಸುರಿಯುವ, ದಿನಗಟ್ಟಲೆ ಸಾಗುವ ಪಂದ್ಯದಲ್ಲಿ ಔಟಾಗದೆ ನಿಲ್ಲುವುದೇ ಆಯುಧ. ಎದುರಾಳಿ ಬೌಲರುಗಳನ್ನು ಬಿಸಿಲಿನಲ್ಲಿ ಬಳಲಿಸುವುದು ಬಾಂಬೆಯ ಯುದ್ಧನೀತಿ. ಅದೇ ಫೈನಲಿನಲ್ಲಿ ಹೋಳ್ಕರಿನ ಸಿ.ಎಸ್. ನಾಯುಡು ಎರಡೂ ಇನಿಂಗ್ಸ್ ಸೇರಿ 917 ಎಸೆತ ಹಾಕಬೇಕಾಯಿತು. ಆ ನೀತಿಗೆ ಮರ್ಚೆಂಟರ ಮನೋಧರ್ಮ ಅಳತೆ ಮಾಡಿ ಹೊಲಿದ ಅಂಗಿಯಂತಿತ್ತು. ಹಾಗೆಂದು 98.75 ಸುಲಭದ ಸರಾಸರಿ ಎಂದಲ್ಲ. ಆ ಸಂಖ್ಯೆಯ ಒಳಗೆ ಒಬ್ಬ ಮನುಷ್ಯನ ಜೊತೆ ಒಂದು ಊರಿನ ಆಟದ ರೀತಿಯೂ ಇದೆ, ಅಷ್ಟೆ.

ಸಂಖ್ಯೆಗಳ ಈ ಸ್ವಭಾವವನ್ನು ಕನ್ನಡಿಗರು ನೋವುಂಡು ಕಲಿತಿದ್ದಾರೆ. ಮರುವರ್ಷ, ಅಂದರೆ 1946ರ ಮಾರ್ಚಿನಲ್ಲಿ, ಇಂದೋರಿನಲ್ಲಿ ನಡೆದ ರಣಜಿ ಸೆಮಿಫೈನಲಿನಲ್ಲಿ ಮೈಸೂರಿನ ವಿರುದ್ಧ ಹೋಳ್ಕರ್ 8 ವಿಕೆಟಿಗೆ 912 ರನ್ ಪೇರಿಸಿತು. ಒಂದೇ ಇನಿಂಗ್ಸಿನಲ್ಲಿ ಆರು ಮಂದಿಯ ಶತಕ: ಭಂಡಾರ್ಕರ್, ಸರವಟೆ, ಜಗದಾಳೆ, ಸಿ.ಕೆ. ನಾಯುಡು, ನಿಂಬಾಳ್ಕರ್, ಪ್ರತಾಪ್ ಸಿಂಗ್. ಮೈಸೂರಿನ ಬಿ.ಕೆ. ಗರುಡಾಚಾರ್ ಒಬ್ಬರೇ 301 ರನ್ ಕೊಟ್ಟು 4 ವಿಕೆಟ್ ಕಿತ್ತರು. ಮೈಸೂರು 190ಕ್ಕೆ ಕುಸಿದರೂ ಎರಡನೆಯ ಇನಿಂಗ್ಸಿನಲ್ಲಿ 509 ಮಾಡಿತು. ಆದರೂ ಇನಿಂಗ್ಸ್ ಮತ್ತು 213 ರನ್ನುಗಳ ಸೋಲು. ಗಮನಿಸಬೇಕಾದ ಮಾತೆಂದರೆ, ಆ ಆರು ಶತಕಗಳಲ್ಲಿ ಮುಷ್ತಾಕರ ಹೆಸರಿಲ್ಲ. ತಂಡದಲ್ಲಿ ಇಷ್ಟು ಜನ ರನ್ ಮಾಡಬಲ್ಲವರಿದ್ದಾಗ, ಮೊದಲು ಹೋಗುವವನು ವಿಕೆಟನ್ನು ಜಿಪುಣನಂತೆ ಕಾಯಬೇಕಾದ ಒತ್ತಾಯವಿಲ್ಲ. ಮುಷ್ತಾಕರ ಧಾರಾಳತನಕ್ಕೆ ಹಿಂದೆ ಬರುವವರ ಭರವಸೆಯೂ ಬಂಡವಾಳವಾಗಿತ್ತು.

ಸಂಖ್ಯೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಜೇಜುರಿಯ ನೆರೆಯ ಪುಣೆಯೇ ಸಾಕ್ಷಿ. 1943–44ರಲ್ಲಿ ಮರ್ಚೆಂಟ್ ಮಹಾರಾಷ್ಟ್ರದ ವಿರುದ್ಧ ಔಟಾಗದೆ 359 ಹೊಡೆದು ಭಾರತೀಯ ದಾಖಲೆ ಬರೆದಿದ್ದರು. 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕಾಠಿಯಾವಾಡದ ವಿರುದ್ಧ ಮಹಾರಾಷ್ಟ್ರ ಪರ ಭಾವುಸಾಹೇಬ್ ನಿಂಬಾಳ್ಕರ್ ಔಟಾಗದೆ 443ಕ್ಕೆ ಬಂದರು. ಬ್ರಾಡ್ಮನ್ನರ ವಿಶ್ವದಾಖಲೆ 452ಕ್ಕೆ ಒಂಬತ್ತೇ ರನ್ ಬಾಕಿ. ಎದುರಾಳಿ ನಾಯಕ ಆಟ ಬಿಟ್ಟುಕೊಟ್ಟು ತಂಡದೊಂದಿಗೆ ಹೊರಟುಹೋದ. ನಿಂಬಾಳ್ಕರ್ ಒಂದೂ ಟೆಸ್ಟ್ ಆಡದೆ ಉಳಿದರು. 1949ರ ಮಾರ್ಚಿನಲ್ಲಿ ಅದೇ ಪುಣೆಯಲ್ಲಿ ಬಾಂಬೆ–ಮಹಾರಾಷ್ಟ್ರ ಸೆಮಿಫೈನಲ್ 2376 ರನ್ ಕಂಡಿತು. ರನ್ನಿನ ಬೆಲೆ ಇಷ್ಟು ಅಗ್ಗವಾಗಿದ್ದ ದಿನಗಳಲ್ಲಿ ಆಯ್ಕೆಗಾರನಿಗೆ 443 ಎಂಬುದು ಎಷ್ಟು ಹೇಳಿತೋ ಅಷ್ಟನ್ನೇ ಮರೆಮಾಡಿತು.

ಹೋಳ್ಕರ್ ತಂಡ ಹದಿನಾಲ್ಕು ವರ್ಷ ಆಡಿ ಹತ್ತು ಫೈನಲ್ ತಲುಪಿ ನಾಲ್ಕನ್ನು ಗೆದ್ದಿತು. ಸಂಸ್ಥಾನ ವಿಲೀನವಾದ ಮೇಲೂ ಕೆಲವು ವರ್ಷ ಹೆಸರು ಉಳಿದು, 1954–55ರ ನಂತರ ಅಳಿಯಿತು. ಅದರ ವಾರಸುದಾರ ಮಧ್ಯಪ್ರದೇಶ 1999ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕದ ಎದುರು ಫೈನಲ್ ಸೋತಿತು. ಕೊನೆಗೆ ರಣಜಿ ಗೆದ್ದದ್ದು 2022ರಲ್ಲಿ, ಅದೇ ಬೆಂಗಳೂರಿನಲ್ಲಿ, ಅದೇ ಹಳೆಯ ಎದುರಾಳಿ ಮುಂಬೈಯನ್ನು ಸೋಲಿಸಿ. 1999ರಲ್ಲಿ ನಾಯಕರಾಗಿ ಸೋತಿದ್ದ ಚಂದ್ರಕಾಂತ್ ಪಂಡಿತ್ 2022ರಲ್ಲಿ ತರಬೇತುದಾರರು.

ಮರ್ಚೆಂಟ್ ಮತ್ತು ಮುಷ್ತಾಕ್, ಇಬ್ಬರ ಹೆಸರೂ ಇಂದು ಟ್ರೋಫಿಗಳ ಮೇಲಿವೆ. ಹದಿನಾರರೊಳಗಿನ ಹುಡುಗರ, ಒಂದಕ್ಕಿಂತ ಹೆಚ್ಚು ದಿನ ನಡೆಯುವ ಪಂದ್ಯಗಳಿಗೆ ಮರ್ಚೆಂಟರ ಹೆಸರು. ರಾಜ್ಯ ತಂಡಗಳ ಟಿ20ಗೆ ಮುಷ್ತಾಕರದು. ನಿಲ್ಲುವುದನ್ನು ಮೊದಲು ಕಲಿಯಲಿ, ನುಗ್ಗುವುದು ಆಮೇಲೆ ಎಂದಂತಿದೆ. 2019ರ ಮಾರ್ಚಿನಲ್ಲಿ ಮುಷ್ತಾಕ್ ಅಲಿ ಟ್ರೋಫಿಯ ಫೈನಲ್ ನಡೆದದ್ದು ಇಂದೋರಿನ ಹೋಳ್ಕರ್ ಮೈದಾನದಲ್ಲಿ. ಎದುರಾಳಿಗಳು ಮೈಲಾರನ ಕರ್ನಾಟಕ ಮತ್ತು ಖಂಡೋಬನ ಮಹಾರಾಷ್ಟ್ರ. ಕರ್ನಾಟಕ 8 ವಿಕೆಟುಗಳಿಂದ ಗೆದ್ದಿತು. ಆ ದಿನ ದೇವರು ಯಾರ ಕಡೆ ಇದ್ದ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಎರಡೂ ಕಡೆಯವರದು ಒಬ್ಬನೇ ದೇವರು.