ಮೊದಲು ತೆಗೆದಿಟ್ಟ ಪಾಲು

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ನಮ್ಮಲ್ಲಿ ಗಾದೆಯಿದೆ. ಬುದ್ಧಿ ಹೇಳುವವರೆಲ್ಲ ಇದರ ಎರಡನೆಯ ಭಾಗವನ್ನೇ ಒತ್ತಿ ಹೇಳುತ್ತಾರೆ. ನನಗಾದರೋ ಮೊದಲ ಭಾಗದ ಮೇಲೇ ಕಣ್ಣು. ಆ ಬುತ್ತಿಯನ್ನು ಕಟ್ಟಿಕೊಟ್ಟವರು ಯಾರು? ಗಾದೆ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ತಾಯಿಯೋ ಹೆಂಡತಿಯೋ ಅಕ್ಕನೋ, ಅಂತೂ ಒಬ್ಬ ಹೆಂಗಸು. ಗಂಟು ಹಿಡಿದು ಹೊರಟವನು ಗಂಡಸು. ಕಟ್ಟಿದವಳೂ ಹೊರಟವಳೂ ಒಬ್ಬಳೇ ಆದರೆ? ಅದಕ್ಕೆ ನಾನು ಗಾದೆ ಕೇಳಿಲ್ಲ. ಅಂಕೋಲೆಯಿಂದ ಕಾರವಾರಕ್ಕೆ ಮೂರು ದಶಕಕ್ಕೂ ಹೆಚ್ಚು ಕಾಲ ಡಬ್ಬಿ ಹಿಡಿದು ಓಡಾಡಿದವಳು ನಾನು. ಹಾಗಾಗಿ ಆ ಬುತ್ತಿಯ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ಹೇಳೋಣವೆನಿಸಿದೆ.

ದುಡಿಮೆಗೆ ಹೊರಟ ಹೆಂಗಸು ನಮ್ಮ ಕಡೆಗೆ ಹೊಸಬಳೇನಲ್ಲ. ನೌಕರಿಯ ಹೆಂಗಸರು ಬರುವ ಎಷ್ಟೋ ಮೊದಲೇ ಹಾಲಕ್ಕಿ ಒಕ್ಕಲಿಗರ ಹೆಂಗಸರು ಗದ್ದೆಗೆ, ಕಾಡಿಗೆ, ತರಕಾರಿ ಹೊತ್ತು ಪೇಟೆಗೆ ಹೋಗುತ್ತಿದ್ದರು. ಮೀನುಗಾರರ ಹೆಂಗಸರು ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದರು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಹೆಸರು ನೀವೂ ಕೇಳಿರುತ್ತೀರಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಜೊತೆ ಅರಣ್ಯ ಇಲಾಖೆಯ ಸಸಿತೋಟಕ್ಕೆ ದಿನಗೂಲಿಗೆ ಹೋದವರು ಅವರು. ದಶಕಗಟ್ಟಲೆ ಬೀಜ ಆರಿಸಿ ಸಸಿ ಬೆಳೆಸಿದ ಆ ಕೈಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು; 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಾವು ನೌಕರಿ ಹಿಡಿದು ‘ಹೊರಗೆ ದುಡಿಯುವ ಮೊದಲ ತಲೆಮಾರು’ ಎಂದು ಬೀಗುತ್ತಿದ್ದಾಗ, ಅಂಥವರು ಆಗಲೇ ಅರ್ಧ ಆಯುಷ್ಯ ದುಡಿದು ಮುಗಿಸಿದ್ದರು.

ಹೊಲಗದ್ದೆಯ ಆ ದುಡಿಮೆಯ ಊಟವೆಂದರೆ ಗಂಜಿ. ನಮ್ಮ ಕರಾವಳಿಯಲ್ಲಿ ಕುಚ್ಚಲಕ್ಕಿ ನೆಲೆಯೂರಿದ್ದು ಸುಮ್ಮನೆ ಅಲ್ಲ. ಭತ್ತವನ್ನು ಹೊಟ್ಟಿನ ಸಮೇತ ಬೇಯಿಸಿ ಒಣಗಿಸಿದರೆ ತವಡಿನ ಸತ್ವ ಒಂದಿಷ್ಟು ಒಳಗಿನ ಕಾಳಿಗೆ ಇಳಿಯುತ್ತದೆ, ಕಾಳು ಗಟ್ಟಿಯಾಗುತ್ತದೆ. ಅನ್ನ ಮಾಡಿದರೆ ಮುದ್ದೆಯಾಗುವುದಿಲ್ಲ; ನೀರು ಹಾಕಿಟ್ಟರೆ ಮರುದಿನಕ್ಕೂ ಬರುತ್ತದೆ. ಅದರ ಜೊತೆಗೆ ಒಂದು ಮಾವಿನ ಮಿಡಿಯೋ ಸುಟ್ಟ ಒಣಮೀನೋ ಇದ್ದರೆ ಊಟ ಮುಗಿಯಿತು. ಆದರೆ ಉಪ್ಪಿಲ್ಲದ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯ್ದೆ ಮುರಿದದ್ದನ್ನು ನಾವು ಸ್ವಾತಂತ್ರ್ಯದ ಕಥೆಯಾಗಿ ಓದುತ್ತೇವೆ. ಗಂಜಿಯ ಗಡಿಗೆಯ ಕಡೆಯಿಂದ ನೋಡಿದರೆ ಅದು ಬುತ್ತಿಯ ಕಥೆಯೂ ಹೌದು. ಸಾರು, ಪಲ್ಯ, ತುಪ್ಪ ಇದ್ದವರಿಗೆ ಉಪ್ಪು ಹತ್ತರಲ್ಲಿ ಒಂದು. ಗಂಜಿ ಕುಡಿದು ಬಿಸಿಲಲ್ಲಿ ದುಡಿದವರಿಗೆ ಅದೇ ಅರ್ಧ ಊಟ.

ಗದ್ದೆಯಲ್ಲಿ ಹಸಿವೆಯಾದಾಗ ಉಣ್ಣುವುದು. ಗಂಟೆ ನೋಡಿ ಉಣ್ಣುವುದು ಕಚೇರಿಯ ಜೊತೆಗೆ ಬಂದ ಪದ್ಧತಿ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಜಿಲ್ಲೆಯ ಕೇಂದ್ರವಾಗಿ ಕಾರವಾರ ಬೆಳೆಯಿತು. ಕಲೆಕ್ಟರ ಕಚೇರಿ, ಜಿಲ್ಲಾ ನ್ಯಾಯಾಲಯ, ಬಂದರು ಎಲ್ಲ ಬಂದವು. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು 1880ರ ದಶಕದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಯುವಕ ರವೀಂದ್ರರು ಅವರಲ್ಲಿಗೆ ಬಂದು ತಂಗಿದ್ದನ್ನು ಕಾರವಾರದವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಆ ಕಚೇರಿಗಳ ಗುಮಾಸ್ತರು, ಕಾರಕೂನರು ಎಲ್ಲ ಗಂಡಸರು. ಅವರ ಊಟವನ್ನು ಮನೆಯ ಹೆಂಗಸರು ಗಂಟೆಗೆ ಸರಿಯಾಗಿ ಸಿದ್ಧಮಾಡಬೇಕು. 1956ರವರೆಗೆ ನಾವು ಮುಂಬಯಿಗೆ ಸೇರಿದವರು. ಕಾರವಾರದಿಂದ ಆಗಬೋಟು ಹತ್ತಿ ಎಷ್ಟೋ ಗಂಡಸರು ಆ ಊರಿಗೆ ಕೆಲಸಕ್ಕೆ ಹೋದರು. ಅಲ್ಲಂತೂ 1890ರ ಸುಮಾರಿಗೇ ಮನೆಯಿಂದ ಕಚೇರಿಗೆ ಡಬ್ಬಿ ಮುಟ್ಟಿಸುವ ಡಬ್ಬಾವಾಲಾಗಳ ಏರ್ಪಾಡು ಶುರುವಾಗಿತ್ತು. ಆ ಏರ್ಪಾಡನ್ನು ಜಗತ್ತೇ ಹೊಗಳಿದೆ, ನಿಜ. ಆದರೆ ಡಬ್ಬಿ ಹೊರಡುವ ಮನೆಯಲ್ಲಿ ಅದನ್ನು ತುಂಬಿದವಳು ಎಷ್ಟು ಗಂಟೆಗೆ ಉಂಡಳು, ಏನು ಉಂಡಳು ಎಂದು ಕೇಳಿದವರು ಕಡಿಮೆ.

ಏನು ಉಂಡಳೆಂದು ನಮಗೆ ಗೊತ್ತಲ್ಲವೇ! ನನ್ನ ಆಯಿ ನಡುಮಧ್ಯಾಹ್ನ ಕಳೆದ ಮೇಲೆ ಅಡುಗೆಮನೆಯ ಬಾಗಿಲಿಗೆ ಒರಗಿ ಉಣ್ಣುತ್ತಿದ್ದಳು. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಬಂದುಹೋದವರು. ಬಂಗಡೆ ಸಾರಿನಲ್ಲಿ ತುಂಡುಗಳು ಎಣಿಕೆಯವು. ಉಣಬಡಿಸಿ ಮುಗಿಸುವಷ್ಟರಲ್ಲಿ ಪಾತ್ರೆಯ ತಳದಲ್ಲಿ ಸಾರು, ಒಂದು ತಲೆ, ಒಂದು ಬಾಲ. ‘ನನಗೆ ತಲೆಯೇ ಇಷ್ಟ’ ಎನ್ನುತ್ತಿದ್ದಳು. ನಾವು ನಂಬಿದ್ದೆವು. ಉಳಿದದ್ದನ್ನು ಉಣ್ಣುವವಳಿಗೆ ಪಾಲು ಎಂಬುದು ಇರುವುದಿಲ್ಲ. ಎಷ್ಟು ಉಳಿದರೆ ಅಷ್ಟು.

1986ರಲ್ಲಿ ನನಗೆ ಕಾರವಾರದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಅಂಕೋಲೆಯಿಂದ ಸುಮಾರು 35 ಕಿಲೋಮೀಟರ್; ಅವರ್ಸಾ, ಅಮದಳ್ಳಿ, ಬಿಣಗಾ ಎಂದು ನಿಂತು ನಿಂತು ಹೋಗುವ ಬಸ್ಸು. ಬೆಳಿಗ್ಗೆ ಎಂಟಕ್ಕೆ ಮನೆ ಬಿಡಬೇಕು. ಹಾಗಾಗಿ ಸಾರು ಒಲೆಯಿಂದ ಇಳಿದ ಕೂಡಲೇ, ಇನ್ನೂ ಯಾರೂ ಉಣ್ಣದ ಪಾತ್ರೆಯಿಂದ, ನನ್ನ ಡಬ್ಬಿಗೆ ಎರಡು ತುಂಡು ಹಾಕಿಕೊಂಡೆ. ನನ್ನ ಅತ್ತೆ ನೋಡಿದರು. ‘ಗಂಡಸರು ಉಣ್ಣುವ ಮೊದಲೇ ಹೀಗೆ ತೋಡುವುದೇ ಮಗಾ?’ ಎಂದರು. ಜಗಳದ ದನಿಯಲ್ಲ ಅದು, ನಿಜವಾದ ಗಾಬರಿ. ‘ಹನ್ನೆರಡಕ್ಕೆ ಇಲ್ಲಿ ಇರುವುದಿಲ್ಲವಲ್ಲ ಅತ್ತೆ, ಈಗಲೇ ತೆಗೆದಿಡಬೇಕು’ ಎಂದೆ. ಅವರು ಮರುಮಾತಾಡಲಿಲ್ಲ. ಆದರೆ ಆ ಇಡೀ ಮಳೆಗಾಲ, ನಾನು ಡಬ್ಬಿ ತೆರೆದಾಗಲೆಲ್ಲ ಅವರು ಹಿತ್ತಿಲ ಕಡೆ ಹೋಗಿಬಿಡುತ್ತಿದ್ದರು. ದೀಪಾವಳಿ ಕಳೆದ ಮೇಲೆ, ರಜೆಯ ಒಂದು ದಿನ, ನಾಗೊಂದಿಗೆಯ ಮೇಲೆ ಮುಚ್ಚಿಟ್ಟ ಸಣ್ಣ ಬಟ್ಟಲೊಂದು ಕಂಡಿತು. ಅದರಲ್ಲಿ ಎರಡು ತುಂಡು ಬಂಗಡೆ, ಸ್ವಲ್ಪ ಸಾರು. ಯಾರಿಗೆಂದು ನಾನು ಕೇಳಲಿಲ್ಲ.

ಡಬ್ಬಿಯಿಂದ ನನಗಾದ ಲಾಭವೆಂದರೆ ಇದೇ: ಸಂಬಳ ಕೈಗೆ ಬಂದದ್ದು ತಿಂಗಳಿಗೊಮ್ಮೆ, ಪಾಲು ಕೈಗೆ ಬಂದದ್ದು ದಿನಾಲೂ. ಹಾಗೆಂದು ಎಲ್ಲ ಸಸಾರವಾಯಿತೆಂದಲ್ಲ. ಗಂಡನ ಡಬ್ಬಿ, ಮಕ್ಕಳ ಡಬ್ಬಿ ಕಟ್ಟಿದ ಮೇಲೇ ನನ್ನದು. ಅದಕ್ಕಾಗಿ ಐದಕ್ಕೆ ಏಳುವವಳೂ ನಾನೇ.

ಬುತ್ತಿಗೆ ಏನು ಹಾಕಬಹುದು ಎಂಬುದನ್ನು ನಾಲಗೆಗಿಂತ ಪಾತ್ರೆಯೇ ನಿರ್ಧರಿಸುತ್ತಿತ್ತು. ನಮ್ಮ ಅಡುಗೆಯೆಲ್ಲ ಹುಳಿ. ಮುರುಗಲ ಸಿಪ್ಪೆ, ಅಮಟೆಕಾಯಿ, ಮಾವು, ಹುಣಸೆ. ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು. ಅದಕ್ಕೆಂದೇ ಕಲಾಯಿ ಹಾಕಿಸಬೇಕು. ಅಲ್ಯೂಮಿನಿಯಂ ಡಬ್ಬಿಯನ್ನು ಹುಳಿ ತಿಂದು ತೂತು ಮಾಡುತ್ತದೆ. ಹಿಂದಿನವರ ಬುತ್ತಿಯಲ್ಲಿ ಒಣ ಶೆಟ್ಲಿಯ ಚಟ್ನಿ, ಹುರಿದ ಮೀನು ಮುಂತಾದ ಒಣ ಪದಾರ್ಥಗಳೇ ಹೆಚ್ಚಿದ್ದುದಕ್ಕೆ ಇದೂ ಒಂದು ಕಾರಣ. ಸ್ಟೀಲು ಡಬ್ಬಿ ಮನೆಮನೆಗೆ ಬಂದ ಮೇಲೆ ಸಾರಿಗೂ ಪ್ರಯಾಣಯೋಗ ಬಂತು. ಆದರೂ ಹಸಿ ತೆಂಗಿನಕಾಯಿ ಅರೆದದ್ದು ನಮ್ಮ ಸೆಕೆಗೆ ಮಧ್ಯಾಹ್ನಕ್ಕೆ ಹಳಸುತ್ತದೆ. ಕಾಯನ್ನು ಹುರಿದು ಅರೆಯಬೇಕು, ಚೆನ್ನಾಗಿ ಕುದಿಸಬೇಕು, ಆರಿದ ಮೇಲೇ ಮುಚ್ಚಳ ಹಾಕಬೇಕು. ಬಿಸಿಯಿರುವಾಗ ಮುಚ್ಚಿದರೆ ಬೆವರಿ ಕೆಟ್ಟೀತು.

ಇನ್ನು ಮುಚ್ಚಳ ತೆರೆಯುವ ಜಾಗ. ನಮ್ಮ ಕಚೇರಿಯಲ್ಲಿ ಹೆಂಗಸರು ಐವರು. ಉಣ್ಣಲು ಹಳೆಯ ಕಡತಗಳ ಕೋಣೆ. ಡಬ್ಬಿ ತೆರೆದರೆ ಮನೆಯೇ ತೆರೆದಂತೆ. ಮೀನಿನ ವಾಸನೆ ಆಗದವರು ಕಿಟಕಿಯ ಬದಿಗೆ, ನಾವು ಗೋಡೆಯ ಬದಿಗೆ. ಕಾರವಾರದ ಸಾರಸ್ವತ ಗೆಳತಿ ಬ್ರಾಹ್ಮಣಳಾದರೂ ಮೀನುಣ್ಣುವವಳಾದ್ದರಿಂದ ನಮ್ಮ ಬದಿ! ಜಾತಿಯ ಗೆರೆ ಒಂದು ಕಡೆ ಹೋದರೆ ಮೀನಿನ ಗೆರೆ ಇನ್ನೊಂದು ಕಡೆ ಹೋಗುತ್ತಿತ್ತು. ಎರಡನ್ನೂ ಮೊದಲು ದಾಟಿದ್ದು ಹವ್ಯಕ ಗೆಳತಿಯ ಅಪ್ಪೆಮಿಡಿ ಉಪ್ಪಿನಕಾಯಿ. ಆಮೇಲೆ ಕುರ್ಚಿಗಳೂ ಹತ್ತಿರ ಬಂದವು. ಪೂರ್ತಿ ಅಲ್ಲ, ಮಾತು ಕೇಳಿಸುವಷ್ಟು.

ಕೂತು ಉಣ್ಣುವುದು ಕೂಡ ಹೋರಾಡಿ ಪಡೆದದ್ದೇ. 1948ರ ಕಾರ್ಖಾನೆ ಕಾಯ್ದೆ, ಅರ್ಧ ಗಂಟೆಯ ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ, 150ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ತಾವು ತಂದದ್ದನ್ನು ಉಣ್ಣಲು ಕೋಣೆಯಿರಬೇಕೆಂದೂ ವಿಧಿಸಿತು. ದೊಡ್ಡ ಕಾರ್ಖಾನೆಗೆ ಸರಿ. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿಗೆ? ಆಕೆಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾಯ್ದೆಯಾಗಿ ಬರೆಯಬೇಕಾಯಿತು. ಕೇರಳದಲ್ಲಿ ಅದಕ್ಕಾಗಿ ಅಂಗಡಿಯ ಹೆಂಗಸರೇ ವರ್ಷಗಟ್ಟಲೆ ಹೋರಾಡಿದ್ದರು.

ಈಗ ನಾನು ನಿವೃತ್ತಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಕಾರವಾರದ ಬೆಳಗಿನ ಬಸ್ಸು ಹತ್ತಿದರೆ ಸೀಟಿನ ತುಂಬ ಹೆಂಗಸರು, ಮಡಿಲ ತುಂಬ ಚೀಲಗಳು. ಅಂಗಡಿಗೆ, ಆಸ್ಪತ್ರೆಗೆ, ಮನೆಗೆಲಸಕ್ಕೆ ಹೊರಟವರು. ಚೀಲದಲ್ಲಿ ಡಬ್ಬಿಯಿರುವುದು ಅದರ ಆಕಾರದಿಂದಲೇ ತಿಳಿಯುತ್ತದೆ. ಮೊನ್ನೆ ಪಕ್ಕದ ಹುಡುಗಿಯನ್ನು ಕೇಳಿದೆ, ‘ಏನು ತಂಗಿ, ಡಬ್ಬಿಗೆ ಏನು ಹಾಕಿಕೊಂಡೆ?’ ‘ನಿನ್ನೆ ರಾತ್ರಿಯ ಅನ್ನ ಉಳಿದಿತ್ತು ಅಕ್ಕಾ, ಅದನ್ನೇ ತುಂಬಿಕೊಂಡೆ’ ಎಂದಳು.

ಉಳಿದದ್ದು! ಆ ಮಾತು ಡಬ್ಬಿಯ ಒಳಗೂ ಹೊಕ್ಕಿತಲ್ಲ ಎನಿಸಿತು. ಉಳಿದ ಅನ್ನವನ್ನು ಚೆಲ್ಲಬಾರದು, ಒಪ್ಪಿದೆ. ಆದರೆ ಅದನ್ನು ಉಣ್ಣುವ ಸರದಿ ಮನೆಯವರಿಗೆಲ್ಲ ಬರಲಿ. ದಿನಾಲೂ ಒಬ್ಬಳದೇ ಡಬ್ಬಿಗೆ ಬೇಡ. ನಾಳೆ ಬೆಳಿಗ್ಗೆ ಒಲೆಯ ಮೇಲೆ ಸಾರು ಕುದಿಯುವಾಗ ಸಾಲಾಗಿ ಇಟ್ಟ ಡಬ್ಬಿಗಳಲ್ಲಿ ನಿಮ್ಮದು ಎಷ್ಟನೆಯದು ಎಂದು ಒಮ್ಮೆ ನೋಡಿಕೊಳ್ಳಿ. ಕೊನೆಯದಾಗಿದ್ದರೆ ಒಂದು ದಿನವಾದರೂ ಮೊದಲಿಗೆ ತುಂಬಿಕೊಳ್ಳಿ.