ಬಿಪಿಗೆ ಅಂತ ಹೊರಟ ಮಾತ್ರೆ

ವಯಾಗ್ರ ಹುಟ್ಟಿದ್ದು ಮಲಗೋ ಕೋಣೆಗಾಗಿ ಅಲ್ಲ. 1989ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ವಿಚ್‌ನಲ್ಲಿ, ತಿಂಡಿ ಅಲ್ಲ ಸ್ವಾಮಿ, ಊರು, ಫೈಜರ್ ಕಂಪನಿಯವರು ಯುಕೆ-92480 ಅನ್ನೋ ವಸ್ತು ತಯಾರಿಸಿದಾಗ ಅವರ ಕಣ್ಣಿದ್ದದ್ದು ರಕ್ತದೊತ್ತಡ, ಎದೆನೋವಿನ ಮೇಲೆ. ರಕ್ತನಾಳ ಸಡಿಲವಾಗಬೇಕು, ಅಷ್ಟೇ. ಪರೀಕ್ಷೆಯಲ್ಲಿ ಎದೆನೋವಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮಾತ್ರೆ ನುಂಗಿದ ಗಂಡಸರು ಮಾತ್ರ ಬೇರೆಯದೇ ಸಮಾಚಾರ ಹೇಳಿದರು: ನಿಮಿರುವಿಕೆ. ನಾವು ಸಾಫ್ಟ್‌ವೇರಿನವರಾಗಿದ್ರೆ ಬಗ್ ಅಂತ ಬರೆದು ಮುಚ್ಚಿಬಿಡ್ತಿದ್ವೇನೋ. ಅವರು ಅದನ್ನೇ ಫೀಚರ್ ಮಾಡಿಕೊಂಡರು. 1998ರ ಮಾರ್ಚ್ 27ಕ್ಕೆ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. 2005ರಲ್ಲಿ ಅದೇ ಔಷಧ ಶ್ವಾಸಕೋಶದ ರಕ್ತನಾಳಗಳ ಒತ್ತಡಕ್ಕೂ ಬಂತು.

ಹುಟ್ಟುಗುಣ ಎಲ್ಲಿ ಹೋಗುತ್ತೆ? ಇದು ಇವತ್ತಿಗೂ ಬಿಪಿಯನ್ನ ತುಸು ಇಳಿಸುತ್ತೆ. ಬಿಪಿ ಹತೋಟಿಯಲ್ಲಿರೋ ಬಹುತೇಕರಿಗೆ ಡಾಕ್ಟರು ಧೈರ್ಯವಾಗಿಯೇ ಬರೆದುಕೊಡ್ತಾರೆ. ಆದರೆ ಎದೆನೋವಿಗೆ ನಾಲಿಗೆ ಕೆಳಗಿಡೋ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಜೊತೆ ಸೇರಿದರೆ ಒತ್ತಡ ಪಾತಾಳಕ್ಕೆ. ನೈಟ್ರೇಟ್ ನಲ್ಲಿ ತಿರುಗಿಸುತ್ತೆ, ವಯಾಗ್ರ ಅದನ್ನ ಮುಚ್ಚೋಕೆ ಬಿಡಲ್ಲ. ಎದೆ ಹಿಡ್ಕೊಂಡು ಆಸ್ಪತ್ರೆಗೆ ಬಂದವನನ್ನ "ಆ ಮಾತ್ರೆ ತಗೊಂಡಿದ್ದೀರಾ?" ಅಂತ ಕೇಳೋದು ಅದಕ್ಕೇ. ಪಕ್ಕದಲ್ಲಿ ಮಾವನೇ ನಿಂತಿದ್ರೂ ನಿಜ ಹೇಳಬೇಕು. ವಯಾಗ್ರ ನುಂಗಿದ್ರೆ 24 ಗಂಟೆ ನೈಟ್ರೇಟ್ ಕೊಡೋ ಹಾಗಿಲ್ಲ; ಟಡಾಲಫಿಲ್ ಆಗಿದ್ರೆ 48.