ಓದುಗನ ಒಲವು

ಚಿಕ್ಕಲಸಂದ್ರದ ನಮ್ಮ ಮನೆಯ ಮುಂದೆ ಅಂಚೆಯವನು ನಿಂತಾಗಲೆಲ್ಲ ನನಗೆ ಹಳೆಯದೊಂದು ಅಚ್ಚರಿ ಮರುಕಳಿಸುತ್ತದೆ. ಮೂರು ತಿಂಗಳು ಶ್ರಮಿಸಿ ಷಟ್ಪದಿಯ ಬೆಳವಣಿಗೆಯನ್ನು ಕುರಿತು ಬರೆದ ಪ್ರಬಂಧಕ್ಕೆ ಒಂದು ಕಾಗದವೂ ಬರಲಿಲ್ಲ. ಒಂದು ಸಂಜೆ ಬೇಸರ ಕಳೆಯಲೆಂದು ತಾಯಿಯವರ ಒರಳುಕಲ್ಲಿನ ಮೇಲೆ ಬರೆದ ಒಂದೂವರೆ ಪುಟಕ್ಕೆ ಹನ್ನೊಂದು ಕಾಗದಗಳು ಬಂದವು. ಮೊದಲು ನೊಂದೆ; ಬಳಿಕ ಮುದ್ದಣನ ನೆನಪಾಯಿತು.

ನಂದಳಿಕೆಯ ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರಲ್ಲಿ. ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಈತ ತನ್ನ ಕೃತಿಗಳನ್ನು ಹಳೆಯ ಕವಿಯೊಬ್ಬನ ರಚನೆಗಳೆಂಬಂತೆ ಮೈಸೂರಿನ ಸಂಪಾದಕರಿಗೆ ಕಳುಹಿಸಿದ. ಸಮಕಾಲೀನನೊಬ್ಬನ ಬರಹವನ್ನು ಪಂಡಿತರು ಮನ್ನಿಸುವರೆಂಬ ನೆಚ್ಚಿಕೆ ಅವನಿಗಿರಲಿಲ್ಲವೆಂದು ತೋರುತ್ತದೆ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯರೋಗ ಅವನನ್ನು ಒಯ್ದಿತು. ಕೀರ್ತಿ ಬಂದುದು ಆಮೇಲೆ. ಅದೂ ಎತ್ತಣಿಂದ? ‘ಶ್ರೀರಾಮಾಶ್ವಮೇಧ’ದ ಯಾಗಾಶ್ವ ಇಂದು ಎಷ್ಟು ಮಂದಿಯ ನೆನಪಿನಲ್ಲಿದೆ? ಕಥೆಯ ನಡುನಡುವೆ ಬರುವ ಮುದ್ದಣ ಮನೋರಮೆಯರ ಸರಸ ಸಂಭಾಷಣೆಯನ್ನು ಮಾತ್ರ ಕನ್ನಡಿಗರು ಮರೆತಿಲ್ಲ. ಚೌಕಟ್ಟೇ ಚಿತ್ರವಾಯಿತು.

ಕೆ. ಎಸ್. ನರಸಿಂಹಸ್ವಾಮಿಯವರ ಕಥೆ ಇನ್ನೊಂದು ಬಗೆಯದು. 1942ರ ‘ಮೈಸೂರು ಮಲ್ಲಿಗೆ’ ಹತ್ತಾರು ಮುದ್ರಣಗಳನ್ನು ಕಂಡಿತು. ಗಾಯಕರ ಕೊರಳೇರಿ ಅಕ್ಷರವರಿಯದವರನ್ನೂ ಮುಟ್ಟಿತು. ಕವಿ ಅಲ್ಲಿಯೇ ನಿಲ್ಲಲಿಲ್ಲ. 1958ರ ‘ಶಿಲಾಲತೆ’ಯಲ್ಲಿ ಹೊಸ ದಾರಿ ಹಿಡಿದರು, ‘ತೆರೆದ ಬಾಗಿಲು’ ಸಂಗ್ರಹಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೂ ಅವರು ಹೋದಲ್ಲೆಲ್ಲ ‘ಮಲ್ಲಿಗೆಯ ಕವಿ’ಯೇ ಆಗಿ ಉಳಿದರು.

ಇದಕ್ಕೆ ಕಾರಣವೇನು? ಮನೋರಮೆ ಕೇವಲ ಹೆಂಡತಿಯಲ್ಲ, ಓದುಗಳು. ಪದ್ಯ ಬೇಡವೆನ್ನುತ್ತಾಳೆ, ಸಂಸ್ಕೃತದ ಬಿಗುವಿಗೆ ಮುನಿಯುತ್ತಾಳೆ. ಅವಳ ಪಕ್ಕದಲ್ಲಿ ನಮಗೂ ಒಂದು ಮಣೆ ಸಿಗುತ್ತದೆ. ‘ಮಲ್ಲಿಗೆ’ಯಲ್ಲಿಯೂ ಹಾಗೆಯೇ, ಅದು ನಮ್ಮ ಮನೆಯ ದಾಂಪತ್ಯ. ನನ್ನ ಒರಳುಕಲ್ಲು ಹನ್ನೊಂದು ಮಂದಿಗೆ ಅವರವರ ಅಡುಗೆಮನೆಯನ್ನು ನೆನಪಿಸಿರಬೇಕು.

ಆದರೆ ಇದನ್ನೊಂದು ಸೂತ್ರವೆಂದುಕೊಂಡರೆ ಕೆಟ್ಟೆವು. ಗಂಡಹೆಂಡಿರ ಮಾತು ಬರೆದವರೆಲ್ಲ ಮುದ್ದಣರಾಗಲಿಲ್ಲ. ಕಾರಣ ಹೊಳೆಯುವುದು ಫಲ ಕಂಡ ಮೇಲೆ; ಬಿತ್ತುವಾಗ ಅಲ್ಲ. ಅಶ್ವಮೇಧದ ಕಥೆಯನ್ನು ಹೇಳಹೊರಡದಿದ್ದರೆ ಮನೋರಮೆಗೆ ಮಾತಾಡಲು ಎಡೆಯೇ ಇರುತ್ತಿರಲಿಲ್ಲ ಎಂಬುದನ್ನೂ ಮರೆಯಲಾಗದು.

ಒರಳುಕಲ್ಲಿನಂಥದೇ ಇನ್ನೊಂದನ್ನು ಬರೆಯಿರೆಂದು ಮಿತ್ರರು ಒತ್ತಾಯಿಸಿದರು. ಕುಳಿತೆ, ಬರಲಿಲ್ಲ. ಷಟ್ಪದಿಯನ್ನು ಕುರಿತ ಎರಡನೆಯ ಪ್ರಬಂಧವನ್ನು ಮುಗಿಸಿ ಮೊನ್ನೆ ಅಂಚೆಗೆ ಹಾಕಿದ್ದೇನೆ.